ಐದು ಬೆರಳಿನ ಮಾತು

"ಅಕ್ಕೋರೇ, ಕೊನೆಯ ಎರಡು ಪದ ತೆಗೆದರೆ ಕತೆ ಚೆಂದವಾಗುತ್ತದೆ ಅಂತಾರೆ. ತೆಗೆಯಲೇ?" ಎಂದು ದಾಕ್ಷಾಯಣಿ ಕೇಳಿದಳು.

ಗುರುಸಿದ್ದವ್ವ ಅಕ್ಕೋರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವರು. ಈಗ ಪುಣೆಯಲ್ಲಿ ಮಗಳ ಮನೆಯಲ್ಲಿದ್ದರು. ಬರೆಯುವ ಆಸೆಯಿದ್ದ ನಾಲ್ಕೈದು ಹೆಂಗಸರು ಭಾನುವಾರಕ್ಕೊಮ್ಮೆ ಅವರ ಬಳಿಗೆ ಬಂದು ಬರೆದದ್ದನ್ನು ತಿದ್ದಿಸಿಕೊಂಡು ಹೋಗುತ್ತಿದ್ದರು.

"ಯಾರು ಅಂತಾರೆ?" ಎಂದರು ಅಕ್ಕೋರು.

"ನಮ್ಮ ಗುಂಪಿನವರು."

ಫೇಸ್‌ಬುಕ್ಕಿನ ಒಂದು ಗುಂಪು ಇಪ್ಪತ್ತೈದು ಪದಗಳ ಕತೆಯ ಸ್ಪರ್ಧೆ ಇಟ್ಟಿತ್ತು. ಒಂದು ಪದ ಹೆಚ್ಚಾದರೂ ಕತೆ ಹೊರಗೆ. ಹೆಚ್ಚು ಜನ ಮೆಚ್ಚಿದ ಕತೆಗೆ ಬಹುಮಾನ. ಮೊದಲ ಸುತ್ತಿನಲ್ಲಿ ದಾಕ್ಷಾಯಣಿಯ ಕತೆ ಗೆದ್ದಿತ್ತು. ಎರಡನೆಯ ಸುತ್ತಿಗೆ ಆ ದಿನ ಸಂಜೆ ಆರು ಗಂಟೆಯೇ ಕೊನೆ. ಅವಳ ಕತೆಯಲ್ಲಿ ಇಪ್ಪತ್ತೇಳು ಪದಗಳಿದ್ದವು.

ಅಕ್ಕೋರು ಕೈ ಒರೆಸಿಕೊಂಡು ಫೋನನ್ನು ದೂರ ಹಿಡಿದು ಓದಿದರು.

'ಮಣ್ಣು ಮುಗಿದ ಮೇಲೆ ತಲುಪಿದೆ. ಬಾಗಿಲಲ್ಲಿ ಅವ್ವನ ಚಪ್ಪಲಿ ಇತ್ತು. ನನ್ನ ಮಾತು ಅದನ್ನು ಮೆಟ್ಟಿಕೊಂಡು ಒಳಗೆ ಹೋಯಿತು. ಅಕ್ಕ ಬರಿಗಾಲಲ್ಲಿ ಹೊರಗೆ ಬಂದಳು. ಮೂರು ವರ್ಷವಾಯಿತು, ಆ ಚಪ್ಪಲಿ ಇನ್ನೂ ಬಾಗಿಲಲ್ಲೇ ಕಾಯುತ್ತಿದೆ. ತಪ್ಪಾಯಿತು, ಅಕ್ಕಾ.'

"ಕೊನೆಯ ಎರಡು ಪದ ಬಹಳ ಸಪ್ಪೆ ಅಂತಾರೆ. ಕತೆ ಚಪ್ಪಲಿಯ ಹತ್ತಿರವೇ ನಿಂತುಬಿಡಬೇಕಂತೆ. ಬಿಡಿಸಿ ಹೇಳಬಾರದಂತೆ. ಅವನ್ನು ತೆಗೆದರೆ ಲೆಕ್ಕವೂ ಸರಿಹೋಗುತ್ತದೆ."

ಅದು ಕಟ್ಟಿದ ಕತೆಯಲ್ಲ ಎಂಬುದು ಅಕ್ಕೋರಿಗೆ ಗೊತ್ತಿತ್ತು. ತಾಯಿ ತೀರಿಕೊಂಡಾಗ ದಾಕ್ಷಾಯಣಿ ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಂಟರ ಎದುರಿಗೇ ಅವಳು ಅಕ್ಕನಿಗೆ, "ಬೇಕೆಂದೇ ತಡಮಾಡಿ ಹೇಳಿದೆ. ಅವ್ವ ನಿನಗೊಬ್ಬಳಿಗೇ ಬೇಕಾಗಿತ್ತು" ಎಂದಿದ್ದಳು. ಅಕ್ಕ ಬರಿಗಾಲಲ್ಲೇ ಮನೆಯಿಂದ ಹೊರಗೆ ನಡೆದಿದ್ದಳು. ಅಕ್ಕ ಹದಿನೇಳು ಸಲ ಫೋನು ಮಾಡಿದ್ದಳೆಂದೂ ಕೆಟ್ಟು ಬಿದ್ದಿದ್ದು ತನ್ನ ಫೋನೇ ಎಂದೂ ದಾಕ್ಷಾಯಣಿಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ಮಾತು ನಿಂತುಹೋಗಿತ್ತು. ಮೂರು ವರ್ಷ ಇಬ್ಬರೂ ಒಬ್ಬರ ದನಿಯನ್ನು ಒಬ್ಬರು ಕೇಳಿರಲಿಲ್ಲ.

ಅಕ್ಕ ಆ ಗುಂಪಿನಲ್ಲಿದ್ದಳು. ಏನೂ ಬರೆಯುತ್ತಿರಲಿಲ್ಲ, ಎಲ್ಲ ಓದುತ್ತಿದ್ದಳು. ಮೊದಲ ಸುತ್ತಿನ ಕತೆಯೂ ಅಕ್ಕತಂಗಿಯರದೇ. ನಾನೂರು ಜನ ಮೆಚ್ಚಿದ್ದರು. ಅವರ ನಡುವೆ ಅಕ್ಕನೂ ಒಂದು ಹೃದಯ ಒತ್ತಿದ್ದಳು. ಅಷ್ಟೇ. ಆ ಹೃದಯವನ್ನು ದಾಕ್ಷಾಯಣಿ ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದಳು.

ಅಕ್ಕೋರು ಫೋನನ್ನು ಮೊರದ ಪಕ್ಕ ಇಟ್ಟು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ಬೀಸುವ ಕಲ್ಲು ವರ್ಷಕ್ಕೆ ಸವೆದು ನುಣುಪಾಗುತ್ತದೆ. ನುಣುಪಾದ ಕಲ್ಲಿನಲ್ಲಿ ಜೋಳ ಜಾರುತ್ತದೆ, ಹಿಟ್ಟಾಗುವುದಿಲ್ಲ. ಅವನು ಉಳಿ ಸುತ್ತಿಗೆ ಹಿಡಿದು ಊರೂರು ಸುತ್ತಿ ಅಂಥ ಕಲ್ಲುಗಳಿಗೆ ಕಚ್ಚು ಹೊಡೆದು ಮತ್ತೆ ಒರಟು ಮಾಡಿಕೊಡುತ್ತಿದ್ದ. ಮೂವತ್ತು ಊರು ಸುತ್ತಿ ಬರುವಷ್ಟರಲ್ಲಿ ವರ್ಷ ಕಳೆಯುತ್ತಿತ್ತು. ಮೊದಲ ಊರಿನ ಕಲ್ಲು ಅಷ್ಟರಲ್ಲಿ ಮತ್ತೆ ಸವೆದಿರುತ್ತಿತ್ತು.

ಆ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೂರದ ಊರುಗಳಿಗೆ ಕೊಡುತ್ತಿದ್ದರು. ಕೊಟ್ಟ ಹೆಣ್ಣಿಗೆ ತವರಿನ ಸುದ್ದಿಯಿಲ್ಲ, ತವರಿಗೆ ಅವಳ ಸುದ್ದಿಯಿಲ್ಲ. ಅವರ ಮನೆಯ ಹಿಟ್ಟಿನ ಕೋಣೆಗೆ ಹೊರಗಿನಿಂದ ಬರುವವನು ಇವನೊಬ್ಬನೇ. ಅವನು ಕಲ್ಲು ಕುಟ್ಟುತ್ತ ಕೂತರೆ ಹೆಂಗಸರು ಬಾಗಿಲಿಗೊರಗಿ ನಿಂತು, "ಅಣ್ಣಾ, ನಮ್ಮೂರಿಗೆ ಹೋದಾಗ ಅವ್ವನಿಗೆ ಹೀಗೆ ಹೇಳು" ಎನ್ನುತ್ತಿದ್ದರು. ಅವನು ಹೂಂ ಎನ್ನುತ್ತಿದ್ದ.

ಅವನಿಗೆ ಓದು ಬರಹ ಬಾರದು. ಎಲ್ಲವನ್ನೂ ತಲೆಯಲ್ಲೇ ಹೊರಬೇಕು. ಒಂದು ವರ್ಷ ಎರಡು ಸುದ್ದಿ ಅದಲುಬದಲಾದವು. ಒಬ್ಬಳ ಮನೆಯಲ್ಲಿ ಎಮ್ಮೆ ಈದಿತ್ತು. ಇನ್ನೊಬ್ಬಳು ಗಂಡುಮಗು ಹೆತ್ತಿದ್ದಳು. ಎಮ್ಮೆ ಈದವಳ ತಾಯಿ ಮಗುವಿಗೆಂದು ಕುಂಚಿಗೆ ಕುಲಾವಿ ಹೊಲಿಸಿ, ಅಂಟಿನುಂಡೆ ಕಟ್ಟಿಕೊಂಡು, ಮೂರು ದಿನ ನಡೆದು ಮಗಳ ಊರಿಗೆ ಹೋದಳು. ಅಲ್ಲಿ ಅವಳಿಗೆ ಕೊಟ್ಟಿಗೆಯಲ್ಲಿದ್ದ ಕರುವನ್ನು ತೋರಿಸಿದರು.

ಮರುವರ್ಷ ಆ ಮುದುಕಿ ಅವನನ್ನು ಹಾದಿಯಲ್ಲೇ ತಡೆದು ನಿಲ್ಲಿಸಿದಳು. "ಬಾರಪ್ಪಾ ಜಾಣ, ಆ ಕುಲಾವಿ ಕರುವಿನ ಕೊಂಬಿಗೆ ಸರಿಯಾಗಿ ಕೂತಿದೆ, ನೋಡಿಕೊಂಡು ಹೋಗು" ಎಂದಳು. ಬಾವಿಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಅವನಿಗೆ ಬಹಳ ನಾಚಿಕೆಯಾಯಿತು. ಅಂದೇ ಒಂದು ಕಟ್ಟಳೆ ಮಾಡಿದ. ಒಬ್ಬ ಹೆಂಗಸಿಗೆ ಐದೇ ಮಾತು, ಎಣಿಸಿ ಐದು ಪದ. ಒಂದು ಮಾತಿಗೆ ಒಂದು ಬೆರಳು ಮಡಚುತ್ತಾನೆ. ಮುಷ್ಟಿ ಕಟ್ಟಿದರೆ ಸುದ್ದಿ ಮುಗಿಯಿತು. ಆಮೇಲೆ ಅತ್ತರೂ ಕರೆದರೂ ಕೇಳುವುದಿಲ್ಲ.

ಹೆಂಗಸರು ಮೊದಮೊದಲು ಬೈದರು. ವರ್ಷದ ಕತೆಯನ್ನು ಐದು ಮಾತಿನಲ್ಲಿ ಹೇಳುವುದು ಹೇಗೆ? ಒಬ್ಬಳು ಜಾಣೆ ಹತ್ತು ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ, ಇದು ಒಂದೇ ಮಾತು ಎಂದು ವಾದಿಸಿದಳು. "ಉಸಿರು ಒಂದೇ ತಂಗಿ, ಬೆರಳು ಹತ್ತು ಮಡಚಿದವು. ಮುಂದಿನ ವರ್ಷದ್ದೂ ಆಗಿಹೋಯಿತು ನಿನ್ನದು" ಎಂದ ಕಲ್ಲುಕುಟಿಗ.

ಕ್ರಮೇಣ ಅವರಿಗೆ ಅದು ಕೈಗೂಡಿತು. 'ಹೆರಿಗೆ ಆಯಿತು, ಹೆಣ್ಣು, ಇಬ್ಬರೂ ಕ್ಷೇಮ' ಎಂದು ಒಬ್ಬಳು ಹೇಳಿ ಕಳಿಸಿದಳು. 'ಅತ್ತೆ ಹಾಸಿಗೆ ಹಿಡಿದಳು, ಕೀಲಿಕೈ ನನ್ನದು' ಎಂದು ಇನ್ನೊಬ್ಬಳು. ಕಲ್ಲುಕುಟಿಗ ಊರಿಗೆ ಬಂದವನೇ ಬಾವಿಕಟ್ಟೆಗೆ ಹೋಗಿ ನಿಲ್ಲುತ್ತಿದ್ದ. ತಾಯಂದಿರೆಲ್ಲ ಸಿಗುವುದು ಅಲ್ಲಿಯೇ. ಒಬ್ಬೊಬ್ಬಳ ಹೆಸರು ಕೂಗಿ, ಒಂದೊಂದೇ ಬೆರಳು ಬಿಚ್ಚುತ್ತ ಅವಳ ಮಗಳ ಮಾತು ಹೇಳುತ್ತಿದ್ದ. ಕೀಲಿಕೈಯ ಮಾತಿಗೆ ನಗು ಎದ್ದಿತು. ಕೆಲವು ಮಾತಿಗೆ ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದೆ ಅದೊಂದು ಪಂದ್ಯವಾಯಿತು. ಯಾರು ಶುರು ಮಾಡಿದರೋ ತಿಳಿಯದು. ಯಾರ ಮಗಳ ಮಾತು ಎಲ್ಲಕ್ಕಿಂತ ಚೆಂದವೋ ಆ ತಾಯಿಯ ಮನೆಯ ಕಲ್ಲಿಗೆ ಮೊದಲ ಉಳಿ ಬೀಳಬೇಕು ಎಂದು ಬಾವಿಕಟ್ಟೆಯ ಹೆಂಗಸರು ತೀರ್ಮಾನ ಮಾಡಿದರು. ಕಲ್ಲುಕುಟಿಗನಿಗೂ ಅದು ಹಿಡಿಸಿತು. ಅವನು ಬರೀ ಕಲ್ಲು ಕುಟ್ಟುವವನಾಗಿದ್ದಾಗ ಅವನಿಗಾಗಿ ಯಾರೂ ಹಾದಿ ಕಾಯುತ್ತಿರಲಿಲ್ಲ. ಈಗ ಎರಡು ಊರಿನಾಚೆ ಅವನ ಸುತ್ತಿಗೆ ಕೇಳಿದರೆ ಬಾವಿಯಲ್ಲಿ ಹಗ್ಗ ನಿಲ್ಲುತ್ತಿತ್ತು.

ಪಂದ್ಯದ ಸುದ್ದಿ ಹೆಣ್ಣುಮಕ್ಕಳಿಗೂ ಮುಟ್ಟಿತು. ಅವರು ವರ್ಷವೆಲ್ಲ ಕೂತು ಐದು ಮಾತು ಹೊಸೆಯತೊಡಗಿದರು. ಬೀಸುವಾಗ ಒಂದು ಮಾತು ಸಿಕ್ಕರೆ, ರೊಟ್ಟಿ ಬಡಿಯುವಾಗ ಅದನ್ನು ಬಿಟ್ಟು ಇನ್ನೊಂದು ಹಿಡಿಯುವರು.

ಹೊಳೆಯಾಚೆಯ ಊರಿಗೆ ಕೊಟ್ಟ ಒಬ್ಬ ಮಗಳಿದ್ದಳು. ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ. ತಾಯಿಗೆ ಅವಳೊಬ್ಬಳೇ. ಚಿಕ್ಕಂದಿನಿಂದ ಒಗಟು ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಎರಡು ವರ್ಷ ಸತತ ಅವಳ ಮಾತೇ ಗೆದ್ದಿತು. ಎರಡು ವರ್ಷವೂ ಅವಳ ತಾಯಿಯ ಕಲ್ಲಿಗೆ ಮೊದಲ ಉಳಿ ಬಿತ್ತು.

ಮೂರನೆಯ ವರ್ಷ ಕಲ್ಲುಕುಟಿಗ ಅವಳ ಮನೆಗೆ ಹೋದಾಗ ಅವಳು ಕಲ್ಲಿನ ಮೇಲಿನ ಹೋಳನ್ನು ಎತ್ತಿಕೊಡಲಾರದೆ ಗೋಡೆ ಹಿಡಿದು ನಿಂತಳು. ಅವಳಿಗೆ ದಿನಾ ಸಂಜೆ ಜ್ವರ ಬರುತ್ತಿತ್ತು. ಬಾಯಿಗೆ ಅನ್ನ ಸೇರುತ್ತಿರಲಿಲ್ಲ. ಮನೆಯವರು ಕೆಲಸಗಳ್ಳಿ ಎನ್ನುತ್ತಿದ್ದರು. ತವರಿಗೆ ಕಳಿಸಿ ಎಂದರೆ ಸುಗ್ಗಿ ಮುಗಿಯಲಿ ಎಂದಿದ್ದರು. ಸುಗ್ಗಿ ಎರಡು ಸಲ ಮುಗಿದಿತ್ತು. ಅವ್ವ ಒಮ್ಮೆ ಬಂದು ಹೊಸ್ತಿಲಲ್ಲಿ ನಿಂತರೆ ಸಾಕು, ಇವರು ಬೇಡ ಎನ್ನಲಾರರು ಎಂದು ಅವಳು ದಿನಾ ಅಂದುಕೊಳ್ಳುತ್ತಿದ್ದಳು.

ಅದನ್ನೇ ಹೇಳಿ ಕಳಿಸಬಹುದಾಗಿತ್ತು. ಆದರೆ ಹೇಳುವುದು ಬಾವಿಕಟ್ಟೆಯ ಮೇಲೆ. ಎಲ್ಲರೂ ಕೇಳುತ್ತಾರೆ. ಗೆದ್ದ ಮಗಳ ಗತಿ ನೋಡಿ ಎನ್ನುತ್ತಾರೆ. ಅವ್ವ ತಲೆ ತಗ್ಗಿಸಬೇಕಾಗುತ್ತದೆ. ಜಾಣೆಯಾದ ಅವ್ವ ಸೂಕ್ಷ್ಮದಲ್ಲೇ ತಿಳಿದುಕೊಂಡಾಳು. ಇನ್ನೂ ಒಂದು ಮಾತಿತ್ತು, ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಈ ವರ್ಷವೂ ತನ್ನ ಮಾತೇ ಗೆಲ್ಲಲಿ ಎಂಬ ಆಸೆ ಅವಳಿಗಿತ್ತು.

"ಹೇಳು ತಂಗಿ, ನಿನ್ನ ಮಾತಿಗಾಗಿ ಅಲ್ಲಿ ಊರೇ ಕಾಯುತ್ತಿದೆ" ಎಂದು ಕಲ್ಲುಕುಟಿಗ ಕೈ ಚಾಚಿದ.

ಅವಳು ಹೇಳಿದಳು. ಅವನು ಒಂದೊಂದೇ ಬೆರಳು ಮಡಚಿದ. 'ಇಲ್ಲಿ ನನ್ನ ನೆರಳು ನನಗಿಂತ ದಪ್ಪ.'

"ಭಲೇ!" ಎಂದ ಅವನು. ಹಾದಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸುತ್ತ ಹೋದ. ಅವಳು ಗೋಡೆ ಹಿಡಿದು ನಿಂತದ್ದನ್ನು ಅವನು ಕಂಡಿದ್ದ. ಆದರೆ ಅದಕ್ಕೆ ಬೆರಳು ಉಳಿದಿರಲಿಲ್ಲ.

ಬಾವಿಕಟ್ಟೆಯ ಮೇಲೆ ಆ ಮಾತು ಬಿದ್ದಾಗ ಕೊಡ ಹಿಡಿದವರು ಕೊಡ ಕೆಳಗಿಟ್ಟು ನಕ್ಕರು. "ಅಬ್ಬಾ, ಇವಳ ಬಾಯಿಗೆ ಸಕ್ಕರೆ ಹಾಕಬೇಕು" ಎಂದಳು ಒಬ್ಬಳು. "ಬಿಸಿಲೂರು ಅಲ್ಲವೇ, ನೆರಳು ದಪ್ಪಗೇ ಇರುತ್ತದೆ" ಎಂದಳು ಇನ್ನೊಬ್ಬಳು. ಪಂದ್ಯದ ತೀರ್ಮಾನಕ್ಕೆ ಚರ್ಚೆಯೇ ಬೇಕಾಗಲಿಲ್ಲ. ತಾಯಿಯೂ ನಕ್ಕಳು. ಮನೆಯಿಂದ ಬೆಲ್ಲ ತಂದು ಎಲ್ಲರಿಗೂ ಚೂರು ಚೂರು ಹಂಚಿದಳು.

ಅವನು ಅವಳ ಮನೆಯಲ್ಲಿ ಕಲ್ಲು ಕುಟ್ಟುವಾಗ ಆ ತಾಯಿ ಎದುರಿಗೆ ಬಂದು ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಮೈ ಕೈ ಹೇಗಿದೆಯಪ್ಪಾ ಅವಳಿಗೆ?" ಎಂದಳು.

ಕಲ್ಲುಕುಟಿಗನ ಸುತ್ತಿಗೆ ಒಮ್ಮೆ ತಡೆಯಿತು. ಅವನಿಗೆ ಗೋಡೆ ಹಿಡಿದು ನಿಂತವಳ ನೆನಪಾಯಿತು. ಹೇಳಿದರೆ ಕಟ್ಟಳೆ ಮುರಿದಂತೆ. ಒಬ್ಬಳಿಗೆ ಆರನೆಯ ಮಾತು ಹೇಳಿದರೆ ನಾಳೆ ಮೂವತ್ತು ಊರಿನವರೂ ಕೇಳುತ್ತಾರೆ. "ಐದು ಬೆರಳೂ ಮುಗಿದವು ತಾಯಿ" ಎಂದು ಮುಷ್ಟಿ ತೋರಿಸಿದ. ಅವಳು ಹೌದು ಹೌದು ಎಂದು ಎದ್ದು ಅವನಿಗೆ ಮಜ್ಜಿಗೆ ತಂದಳು.

ಮತ್ತೆ ವರ್ಷ ತಿರುಗಿತು. ಕಲ್ಲುಕುಟಿಗ ಹೊಳೆ ದಾಟಿ ಆ ಮನೆಗೆ ಬಂದ. ಬಾಗಿಲಲ್ಲಿ ಅವಳು ಕಾಣಲಿಲ್ಲ. ಹಿಟ್ಟಿನ ಕೋಣೆಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಅವನನ್ನು ಕಂಡು ಎದ್ದು ಕೂರಲು ನೋಡಿದಳು, ಆಗಲಿಲ್ಲ.

ಅವಳ ಮುಖ ನೋಡಲಾರದೆ ಅವನು ಗಳಗಳ ಮಾತಾಡಿದ. "ತಂಗಿ, ನಿನ್ನ ನೆರಳಿನ ಮಾತು ನಾಲ್ಕು ಊರು ದಾಟಿ ಹೋಗಿದೆ. ನಾನು ಹೇಳದ ಊರಿನಲ್ಲೂ ಹೆಂಗಸರು ಅದನ್ನು ಆಡುತ್ತಾರೆ. ತೆಳ್ಳಗಿದ್ದವರನ್ನು ಕಂಡರೆ ಅದೇ ಮಾತಿನಲ್ಲಿ ಗೇಲಿ ಮಾಡುತ್ತಾರೆ."

"ಅವ್ವ ಏನಂದಳು?" ಎಂದು ಅವಳು ಕೇಳಿದಳು.

"ನಕ್ಕಳು. ಬೆಲ್ಲ ಹಂಚಿದಳು."

ಅವಳು ಗೋಡೆಯ ಕಡೆ ಮುಖ ಮಾಡಿದಳು. ಕಲ್ಲುಕುಟಿಗ ಕಲ್ಲು ಕುಟ್ಟಿ ಮುಗಿಸಿದ. ಉಳಿಗಳನ್ನು ಚೀಲಕ್ಕೆ ಹಾಕಿಕೊಂಡ. ಕೇಳಲೋ ಬೇಡವೋ ಎನ್ನುತ್ತ ಕೈ ಚಾಚಿದ.

"ಅವ್ವಾ, ಬಾ" ಎಂದಳು ಅವಳು.

ಅವನು ಹೆಬ್ಬೆರಳು ಮಡಚಿದ. ತೋರುಬೆರಳು ಮಡಚಿದ. ಕಾಯ್ದ.

"ಮೂರು ಬೆರಳು ಖಾಲಿ ಇವೆ ತಂಗಿ. ಎರಡು ಮಾತು ಒಯ್ದರೆ ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಾರೆ. ಒಂದಿಷ್ಟು ಉಪ್ಪು ಕಾರ ಹಾಕು."

"ಆ ಮೂರು ಬೆರಳಲ್ಲಿ ನಿನ್ನ ಉಳಿ ಹಿಡಿದುಕೋ ಅಣ್ಣಾ" ಎಂದಳು ಅವಳು. ಹೇಳಿ ಸ್ವಲ್ಪ ನಕ್ಕಳು. ಆ ನಗುವಿನಿಂದ ಅವಳಿಗೆ ಕೆಮ್ಮು ಬಂತು.

ಕಲ್ಲುಕುಟಿಗ ಹೊರಗೆ ಬಂದ. ಆ ಊರಿಗೂ ಅವಳ ತವರಿಗೂ ನಡುವೆ ಹನ್ನೊಂದು ಊರುಗಳಿದ್ದವು. ಪ್ರತಿ ಊರಿನಲ್ಲೂ ವಾರ ಹತ್ತು ದಿನದ ಕೆಲಸವಿತ್ತು. ಮೊದಲ ಊರಿನ ಹೆಂಗಸರು ಅವನನ್ನು ಕಂಡು ಬಾವಿಯ ಹಗ್ಗ ನಿಲ್ಲಿಸಿದರು. ಅವನು ನಿಲ್ಲಲಿಲ್ಲ. ಎರಡನೆಯ ಊರಿನಲ್ಲಿ ಒಬ್ಬಳು, "ಏನಣ್ಣಾ, ನಮ್ಮ ಕಲ್ಲಿಗೆ ಹಲ್ಲಿಲ್ಲವೆಂದು ಮುಖ ತಿರುಗಿಸಿಕೊಂಡು ಹೋಗುತ್ತೀಯಾ?" ಎಂದು ಕೂಗಿದಳು. ಅವನು ಹಿಂದಿರುಗಿ ನೋಡಲಿಲ್ಲ. ಎರಡು ಬೆರಳು ಮಡಚಿಕೊಂಡೇ ನಡೆದ. ಮಡಚದಿದ್ದರೆ ಮರೆಯುವಂಥ ಮಾತೇನೂ ಅದಾಗಿರಲಿಲ್ಲ. ಆದರೂ ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ. ಆ ವರ್ಷ ಹನ್ನೊಂದು ಊರಿನ ಕಲ್ಲುಗಳು ನುಣುಪಾಗಿಯೇ ಉಳಿದವು. ಜನ ತರಿಹಿಟ್ಟಿನ ರೊಟ್ಟಿ ತಿಂದು ಅವನನ್ನು ಬೈದರು.

ನಾಲ್ಕನೆಯ ದಿನ ಅವನು ತವರಿನ ಬಾವಿಕಟ್ಟೆ ಹತ್ತಿ ನಿಂತ. ಕಾಲಿನಲ್ಲಿ ಬೊಬ್ಬೆಗಳು ಎದ್ದಿದ್ದವು. ಹೆಂಗಸರು ಸುತ್ತ ನೆರೆದರು. ಆ ತಾಯಿ ನೀರು ಸೇದುತ್ತಿದ್ದಳು. ಅವಳ ಹೆಸರು ಕೂಗಿದ. ಎರಡು ಬೆರಳು ಬಿಚ್ಚಿದ.

"ಅವ್ವಾ, ಬಾ."

ಮುಂದಿನ ಮಾತಿಗೆ ಎಲ್ಲರೂ ಕಾಯ್ದರು. "ಇಷ್ಟೇನಾ?" ಎಂದಳು ಒಬ್ಬಳು. "ಪಾಪ, ಹುಡುಗಿಯ ಜಾಣತನವೂ ಕಲ್ಲಿನ ಹಾಗೆ ಸವೆಯಿತು ಅನ್ನು" ಎಂದು ಮತ್ತೊಬ್ಬಳು ತಾಯಿಯ ಕಡೆ ತಿರುಗಿದಳು.

ತಾಯಿ ಅಲ್ಲಿರಲಿಲ್ಲ. ಅವಳ ಹಗ್ಗ ರಾಟೆಯಿಂದ ಜಾರಿ ಬಾವಿಗೆ ಬಿದ್ದಿತ್ತು. ಅವಳು ಹಾದಿಗೆ ಇಳಿದು ಆಗಲೇ ಹುಣಸೆಮರ ದಾಟಿದ್ದಳು. ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿರಲಿಲ್ಲ, ಬುತ್ತಿ ಕಟ್ಟಿರಲಿಲ್ಲ.

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಆಡಿಕೊಂಡವಳೇ ಹೋಗಿ ಆ ಮನೆಯ ಬಾಗಿಲು ಎಳೆದು ಬಂದಳು.

ಅಕ್ಕೋರು ಇಲ್ಲಿಗೆ ನಿಲ್ಲಿಸಿದರು. ಮೊರದಲ್ಲಿ ಹುಣಸೆಬೀಜ ಒಂದು ಕಡೆ, ಹಣ್ಣು ಒಂದು ಕಡೆ ಆಗಿತ್ತು.

"ಮಗಳು ಉಳಿದಳೇ ಅಕ್ಕೋರೇ?" ಎಂದಳು ದಾಕ್ಷಾಯಣಿ.

"ತಾಯಿ ಹೋಗಿ ಹೊಸ್ತಿಲಲ್ಲಿ ನಿಂತಳು. ಯಾರೂ ಬೇಡ ಎನ್ನಲಿಲ್ಲ. ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಗಂಜಿ ಕುಡಿಸಿದಳು, ಔಷಧ ಮಾಡಿಸಿದಳು. ದೀಪಾವಳಿಯ ಹೊತ್ತಿಗೆ ಮಗಳು ಬಾವಿಕಟ್ಟೆಯವರೆಗೆ ನಡೆದಳು."

"ಆ ವರ್ಷ ಮೊದಲ ಉಳಿ ಯಾರ ಮನೆಯ ಕಲ್ಲಿಗೆ ಬಿತ್ತು?"

"ಅದು ಯಾರಿಗೂ ನೆನಪಿಲ್ಲ."

ದಾಕ್ಷಾಯಣಿ ಫೋನು ಕೈಗೆ ತೆಗೆದುಕೊಂಡಳು. ಗಂಟೆ ಐದೂಮುಕ್ಕಾಲು. ಕತೆಯನ್ನು ಮತ್ತೊಮ್ಮೆ ಓದಿದಳು. ಚಪ್ಪಲಿಯ ಸಾಲು ಈಗಲೂ ಅವಳಿಗೆ ಚೆಂದವೇ ಕಂಡಿತು. ಗುಂಪಿನವರು ಮೆಚ್ಚುತ್ತಾರೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಅಕ್ಕನೂ ಓದುತ್ತಾಳೆ. ಓದಿ ಇನ್ನೊಂದು ಹೃದಯ ಒತ್ತುತ್ತಾಳೆ.

"ಹಾಗಾದರೆ ಏನು ಮಾಡಲಿ ಅಕ್ಕೋರೇ? ಇಪ್ಪತ್ತೇಳು ಪದ ಇದ್ದರೆ ಅವರು ತೆಗೆದುಕೊಳ್ಳುವುದಿಲ್ಲ" ಎಂದಳು.

"ಎರಡನ್ನು ಉಳಿಸು, ಇಪ್ಪತ್ತೈದನ್ನು ತೆಗೆ" ಎಂದರು ಅಕ್ಕೋರು.

ದಾಕ್ಷಾಯಣಿ ಗುಂಪನ್ನು ಮುಚ್ಚಿ ಅಕ್ಕನ ನಂಬರು ಒತ್ತಿದಳು.